ಬಡಗುತಿಟ್ಟು ಭಾಗವತಿಕೆಯ ಧ್ವನಿಮುದ್ರಣ: ಶ್ರುತಿ, ಲಯ, ರಸ

ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲ್ಲೂಕುಗಳು ಬಡಗುತಿಟ್ಟು ಯಕ್ಷಗಾನದ ತವರು. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ ಕ್ಷೇತ್ರಗಳ ಹರಕೆ ಮೇಳಗಳು, ಸಾಲಿಗ್ರಾಮದಂಥ ಡೇರೆ ಮೇಳಗಳು ಅದರ ಹಾಡುಗಾರಿಕೆಯಾದ ಭಾಗವತಿಕೆಯನ್ನು ಬೆಳೆಸಿದವು. ಕ್ಯಾಸೆಟ್ಟು ಬಂದ ಮೇಲೆ ಅದು ಬಯಲು ಬಿಟ್ಟು ಮನೆಯೊಳಗೂ ಕೇಳತೊಡಗಿತು. ಈ ಮುದ್ರಿಕೆಗಳಲ್ಲಿ ಶ್ರುತಿ, ಲಯ, ರಸಗಳನ್ನು ಗುರುತಿಸುವ ಬಗೆ ಈ ಲೇಖನದ ವಿಷಯ.

ಲಯ ಮತ್ತು ರಸ

ಇಲ್ಲಿನ ಮುಖ್ಯ ತಾಳಗಳು ಏಕ, ರೂಪಕ, ಜಂಪೆ, ತ್ರಿವುಡೆ, ಅಷ್ಟ, ಆದಿ. ತಾಳದ ಹೆಸರೊಂದರಿಂದಲೇ ವೇಗ ತಿಳಿಯುವುದಿಲ್ಲ. 14 ಅಕ್ಷರದ ಅಷ್ಟತಾಳದ ಒಂದು ಆವರ್ತ ನಿಮಿಷಕ್ಕೆ 70 ಅಕ್ಷರದ ನಡೆಯಲ್ಲಿ 12 ಸೆಕೆಂಡು ಹಿಡಿಯುತ್ತದೆ. 140ರ ನಡೆಯಲ್ಲಿ 6 ಸೆಕೆಂಡಿಗೆ ಮುಗಿಯುತ್ತದೆ. ನೀಲಾಂಬರಿ ಕರುಣಕ್ಕೆ, ಘಂಟಾರವ ವೀರ-ರೌದ್ರಕ್ಕೆ ಎಂಬ ವಾಡಿಕೆ ಇದ್ದರೂ ರಸವನ್ನು ರಾಗ ಒಂದೇ ನಿರ್ಧರಿಸುವುದಿಲ್ಲ. ಅದೇ ರಾಗ ತ್ವರಿತ ತ್ರಿವುಡೆಗೆ ಬಿದ್ದರೆ ಸನ್ನಿವೇಶವೇ ಬದಲಾದಂತೆ ಕೇಳುತ್ತದೆ. ಯುದ್ಧದ ಏರುಪದ್ಯಗಳಲ್ಲಿ ವೇಗವೂ ಸ್ವರದ ಎತ್ತರವೂ ಜೊತೆಯಾಗಿ ಏರುತ್ತವೆ. ಚಂಡೆ ಅದಕ್ಕೆ ಬೆನ್ನಾಗಿ ನಿಲ್ಲುತ್ತದೆ.

ವೇಗಕ್ಕೆ ಕುಣಿತದ ಸಂಬಂಧವೂ ಇದೆ. ಬ್ರಹ್ಮಾವರದ ಆಸುಪಾಸಿನ ಹಾರಾಡಿ ತಿಟ್ಟು ಗತ್ತು-ಗಾಂಭೀರ್ಯಕ್ಕೂ ಮಟಪಾಡಿ ತಿಟ್ಟು ಲಯದ ಬಿಗಿಗೂ ಹೆಸರಾದವು. ಭಾಗವತರು ಪದ್ಯ ಎತ್ತುವಾಗ ವೇಷಧಾರಿಯ ಹೆಜ್ಜೆಯನ್ನು ಗಮನಿಸುತ್ತಾರೆ. ಮುದ್ರಿಕೆಯಲ್ಲಿ ಆ ವೇಷ ಕಾಣುವುದಿಲ್ಲ. ಬಿಡ್ತಿಗೆ ಅಥವಾ ಮುಕ್ತಾಯ ಅಕಾರಣವಾಗಿ ಲಂಬಿಸಿದೆ ಎಂದು ತೋರಿದಾಗ, ಅಲ್ಲಿ ಕುಣಿತವಿತ್ತೇ ಎಂದು ಮೊದಲು ಯೋಚಿಸಬೇಕು.

ಶ್ರುತಿಯ ಏರಿಕೆ

ಹಿಂದೆ ಹಿಮ್ಮೇಳದಲ್ಲಿ ಶ್ರುತಿಗೆ ಪುಂಗಿ ಇತ್ತು. ಆಮೇಲೆ ಹಾರ್ಮೋನಿಯಂ ಬಂತು, ಈಗ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬಂದಿದೆ. ಹಾರ್ಮೋನಿಯಂ ಕಾಲದಿಂದ ಭಾಗವತರು ಶ್ರುತಿಯನ್ನು ಬಿಳಿ, ಕಪ್ಪು ಮನೆಗಳ ಲೆಕ್ಕದಲ್ಲಿ ಹೇಳುತ್ತಾರೆ.

ಈ ಪರಂಪರೆಯ ಅತಿಮುಖ್ಯ ತಿರುವು, ನನ್ನ ತಿಳಿವಳಿಕೆಯಲ್ಲಿ, ಭಾಗವತರಿಗಿಂತ ಹೆಚ್ಚಾಗಿ ಒಬ್ಬ ಮದ್ದಳೆಗಾರನಿಗೆ ಸೇರಿದ್ದು. ಹಿರಿಯಡ್ಕ ಗೋಪಾಲ ರಾವ್ (ನಿಧನ 2020) ಮಂದಾರ್ತಿ ಮೇಳದಲ್ಲಿದ್ದಾಗ ಶೇಷಗಿರಿ ಭಾಗವತರ ಎತ್ತರದ ಕಂಠಕ್ಕೆ ಹೊಂದುವಂತೆ ಏರು ಮದ್ದಳೆಯನ್ನು ರೂಢಿಗೆ ತಂದರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಮದ್ದಳೆಯ ಬಲಮುಚ್ಚಿಗೆಯನ್ನು ಭಾಗವತರ ಷಡ್ಜಕ್ಕೆ ಸೇರಿಸಬೇಕು. ಕಂಠ ಮೇಲಿದ್ದು ಮದ್ದಳೆ ಕೆಳಗುಳಿದರೆ ನುಡಿತ ಹಾಡಿಗೆ ಅಂಟುವುದಿಲ್ಲ. ಮದ್ದಳೆ ಮೇಲಕ್ಕೆ ನಿಂತ ಮೇಲೆ ಏರುಶ್ರುತಿಯ ಹಾಡಿಕೆಗೆ ದಾರಿ ತೆರೆಯಿತು. ಇಂದಿನ ಕೇಳುಗರು 'ಬಡಗಿನ ಸ್ವರ' ಎಂದು ಗುರುತಿಸುವ ಆ ಎತ್ತರದ ಹಿಂದೆ ಈ ವಾದ್ಯದ ಬದಲಾವಣೆ ಇದೆ.

ಕ್ಯಾಸೆಟ್ಟಿನ ಶ್ರುತಿಯನ್ನು ನಂಬುವ ಪ್ರಶ್ನೆ

ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಯಂತ್ರದ ಬೆಲ್ಟು ಸಡಿಲಾದರೆ ಅಥವಾ ಮೋಟರು ಹೆಚ್ಚು ಓಡಿದರೆ ಶ್ರುತಿ, ವೇಗ ಎರಡೂ ಒಂದೇ ಪ್ರಮಾಣದಲ್ಲಿ ಕೆಡುತ್ತವೆ. ಬಿಳಿ ನಾಲ್ಕರ ಷಡ್ಜ ಸುಮಾರು 174.6 ಹರ್ಟ್ಜ್. ಟೇಪು ಶೇ. 3ರಷ್ಟು ವೇಗವಾದರೆ ಅದು 179.8ಕ್ಕೆ ಹೋಗಿ ಯಾವ ಮನೆಗೂ ಸೇರದೆ ನಡುವೆ ನಿಲ್ಲುತ್ತದೆ. ಶೇ. 6ರ ಹತ್ತಿರ ಬಂದರೆ 185, ಅಂದರೆ ಚೊಕ್ಕ ಕಪ್ಪು ಮೂರು. ಕೇಳುವವರಿಗೆ ಅನುಮಾನವೇ ಬಾರದು. ಪ್ರತಿಯಿಂದ ಪ್ರತಿ ತೆಗೆದ ಕ್ಯಾಸೆಟ್ಟುಗಳಲ್ಲಿ ಈ ದೋಷ ಕೂಡುತ್ತ ಹೋಗಬಹುದು.

ಪರಿಶೀಲನೆಗೆ ಒಂದು ದಾರಿ, ಮುದ್ರಣದೊಳಗೆ ಸೇರಿಕೊಂಡ ವಿದ್ಯುತ್ತಿನ ಗುಂಯ್‌ದನಿ. ಅದು 50 ಅಥವಾ 100 ಹರ್ಟ್ಜ್‌ನಲ್ಲಿ ಇರಬೇಕಾದದ್ದು ಎಷ್ಟು ಸರಿದಿದೆ ಎಂದು ಅಳೆದರೆ ಟೇಪಿನ ತಪ್ಪು ಸಿಗುತ್ತದೆ. ಆದರೆ 1980ರ ದಶಕದಲ್ಲಿ ನಮ್ಮ ವಿದ್ಯುಜ್ಜಾಲವೇ 50ಕ್ಕೆ ಕಟ್ಟುನಿಟ್ಟಾಗಿ ನಿಲ್ಲುತ್ತಿರಲಿಲ್ಲ. ಡೇರೆ ಮೇಳದ ಆಟವಾದರೆ ಜನರೇಟರಿನ ಓಟವನ್ನೂ ಲೆಕ್ಕಿಸಬೇಕು. ಹಾಗಾಗಿ 'ಈ ಭಾಗವತರು ಇಂಥದೇ ಮನೆಯಲ್ಲಿ ಹಾಡಿದರು' ಎಂದು ಒಂದೇ ಕ್ಯಾಸೆಟ್ಟು ಮುಂದಿಟ್ಟು ಬರೆಯುವುದು ದುಡುಕು. ಒಂದೇ ಟೇಪಿನೊಳಗೆ ಒಂದು ಪದ್ಯಕ್ಕಿಂತ ಇನ್ನೊಂದು ಎಷ್ಟು ಚುರುಕು ಎಂಬ ಹೋಲಿಕೆ ಹೆಚ್ಚು ಭದ್ರ, ಏಕೆಂದರೆ ಓಟ ಸ್ಥಿರವಾಗಿದ್ದಷ್ಟು ಹೊತ್ತು ತಪ್ಪು ಎರಡಕ್ಕೂ ಸಮನಾಗಿ ತಗಲಿರುತ್ತದೆ.

ಕಾಳಿಂಗ ನಾವಡರ ಮುದ್ರಿಕೆಗಳು

ಈ ಎಚ್ಚರ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಗುಂಡ್ಮಿ ಕಾಳಿಂಗ ನಾವಡರ (1958–1990) ವಿಷಯದಲ್ಲಿ. ನಾರಣಪ್ಪ ಉಪ್ಪೂರರ ಶಿಷ್ಯರಾಗಿ, ಸಾಲಿಗ್ರಾಮ ಮೇಳದ ಭಾಗವತರಾಗಿ, 'ನಾಗಶ್ರೀ' ಪ್ರಸಂಗದ ಕರ್ತೃವಾಗಿ ಹೆಸರಾದ ಅವರು ಮೂವತ್ತೆರಡು ತುಂಬುವ ಮೊದಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರನ್ನು ರಂಗದಲ್ಲಿ ಕಾಣದ ತಲೆಮಾರಿಗೆ ಉಳಿದಿರುವುದು ಬಹುಮಟ್ಟಿಗೆ ಕ್ಯಾಸೆಟ್ಟಿನ ನಾವಡರು. ಮೂಲ ಟೇಪುಗಳನ್ನು ಹುಡುಕಿ ವೇಗ ಸರಿಪಡಿಸಿ ಕಾಪಿಡುವ ಕೆಲಸ ತುರ್ತಿನದು. ಟೇಪು ಸವೆಯುತ್ತದೆ, ಕರಾವಳಿಯ ತೇವಕ್ಕೆ ಬೂಷ್ಟೂ ಹಿಡಿಯುತ್ತದೆ.

ಇತರ ಪ್ರಯೋಗಗಳು

ಏರು ಮದ್ದಳೆಯಲ್ಲದೆ ಹಿಮ್ಮೇಳದಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು. ಕೋಟದ ಶಿವರಾಮ ಕಾರಂತರು ('ಯಕ್ಷಗಾನ ಬಯಲಾಟ' ಕೃತಿಗೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ) ತಮ್ಮ ಬ್ಯಾಲೆಗಳಲ್ಲಿ ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿದರು. ಸ್ವರ ಹಿಡಿದು ನಿಲ್ಲುವ ಈ ವಾದ್ಯಗಳಿಂದ ನಿಧಾನಗತಿಯ ಭಾವಕ್ಕೆ ಆಸರೆ ಸಿಕ್ಕಿತು. ಮೇಳಗಳು ಅದನ್ನು ಹೆಚ್ಚಾಗಿ ಅನುಸರಿಸಲಿಲ್ಲ.