ಬಿಸಿಲಿಗಿಟ್ಟ ಕೊಳವೆಯಿಂದ ಮೀನಿನ ತೊಟ್ಟಿಯವರೆಗೆ

ಹೋದ ತಿಂಗಳು ನಮ್ಮನೆ ಅಕ್ವೇರಿಯಂ ಮೀನುಗಳ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕಿ ಬಂತು. ಮೂರು ಮೀನು ಸತ್ತವು. ಯುವಿ ಸ್ಟೆರಿಲೈಜರ್ ಹಾಕಿದ್ದೆ, ನೀಲಿ ಬೆಳಕೂ ಉರೀತಿತ್ತು. ತಪ್ಪಿದ್ದೆಲ್ಲಿ? ಹುಡುಕ್ತಾ ಹುಡುಕ್ತಾ 1877ಕ್ಕೆ ಹೋದೆ.

ಆ ವರ್ಷ ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಪೋಷಕ ದ್ರಾವಣ ತುಂಬಿದ ಗಾಜಿನ ಕೊಳವೆಗಳಲ್ಲಿ ಕೆಲವನ್ನು ಬಿಸಿಲಿಗಿಟ್ಟರು, ಕೆಲವಕ್ಕೆ ಸೀಸದ ಹಾಳೆ ಸುತ್ತಿದರು. ಸುತ್ತಿದ್ದವು ಬ್ಯಾಕ್ಟೀರಿಯಾ ಬೆಳೆದು ಕದಡಿದವು. ಬಿಸಿಲಲ್ಲಿದ್ದವು ತಿಳಿಯಾಗೇ ಉಳಿದವು.

ಮುಂದೆ ಪಾದರಸದ ಆವಿ ದೀಪ ಬಂತು. ಈ ಕಿರಣವನ್ನು ಮಾಮೂಲಿ ಗಾಜು ತಡೆಯುತ್ತೆ, ಕ್ವಾರ್ಟ್ಜ್ ಬಿಡುತ್ತೆ. 1910ರಲ್ಲಿ ಫ್ರಾನ್ಸಿನ ಮಾರ್ಸೇ ನಗರದಲ್ಲಿ ಕುಡಿಯುವ ನೀರಿಗೆ ಯುವಿ ಬಳಸಿ ನೋಡಿದರು. ಆದರೆ ಆಗಿನ ದೀಪಗಳನ್ನು ನಂಬೋ ಹಾಗಿರಲಿಲ್ಲ. ಕ್ಲೋರಿನ್ ಅಗ್ಗವಾಗಿತ್ತು, ಅದೇ ಗೆದ್ದಿತು.

ನಮ್ಮನೆ ತೊಟ್ಟಿಯಲ್ಲೂ ಸೋತಿದ್ದು ದೀಪವೇ. ಸೂಕ್ಷ್ಮಜೀವಿಗಳನ್ನು ಕೊಲ್ಲೋದು ಸುಮಾರು 254 ನ್ಯಾನೊಮೀಟರ್ ಕಿರಣ. ಅದು ಕಣ್ಣಿಗೆ ಕಾಣಲ್ಲ. ನೀಲಿ ಬೆಳಕು ಉರೀತಾನೇ ಇರುತ್ತೆ, ಒಳಗಿನ ಶಕ್ತಿ ಕುಗ್ಗಿರುತ್ತೆ. ನನ್ನ ದೀಪಕ್ಕೆ ಎರಡು ವರ್ಷ ದಾಟಿತ್ತು. ಕ್ವಾರ್ಟ್ಜ್ ಕೊಳವೆಗೆ ಬೋರ್‌ವೆಲ್ ನೀರಿನ ಬಿಳಿ ಪದರ ಕಟ್ಟಿತ್ತು. ಪಂಪು ನೀರನ್ನು ಜೋರಾಗಿ ನೂಕ್ತಿತ್ತು, ಕಿರಣ ತಾಗೋಕೆ ಸಮಯವೇ ಇರಲಿಲ್ಲ.

ನೀವು ಹಾಕೋದಾದ್ರೆ ನೆನಪಿಡಿ: ಮೊದಲು ಫಿಲ್ಟರ್, ಆಮೇಲೆ ಯುವಿ. ಹರಿವು ನಿಧಾನವಾಗಿರಲಿ. ಕಂಪನಿ ಹೇಳಿದ ಅವಧಿಗೆ ದೀಪ ಬದಲಿಸಿ. ಪ್ಲಗ್ ತೆಗೆದೇ ಕೊಳವೆ ಒರೆಸಿ, ಉರಿಯೋ ದೀಪವನ್ನು ನೇರ ನೋಡಬೇಡಿ. ಇನ್ನೊಂದು ಮಾತು, ಮೀನಿನ ಮೈಗೆ ಅಂಟಿದ ರೋಗಾಣುವನ್ನು ಯುವಿ ಮುಟ್ಟಲ್ಲ. ಅದಕ್ಕೆ ಔಷಧಿಯೇ ಬೇಕು. ನಾನು ಇದನ್ನು ತಿಳಿಯೋ ಹೊತ್ತಿಗೆ ತಡವಾಗಿತ್ತು.