ಹಳೆಯ ವಾಹನಗಳು ಹೊಗೆ ತಪಾಸಣೆಯಲ್ಲಿ ಪದೇ ಪದೇ ಅನುತ್ತೀರ್ಣವಾಗುವುದು: ಕಾರಣ ಪತ್ತೆ ಹಚ್ಚುವ ಕ್ರಮ

ನೋಂದಣಿಯಾಗಿ ಹತ್ತು ಹದಿನೈದು ವರ್ಷ ಕಳೆದ ವಾಹನಗಳ ಮಾಲೀಕರಿಂದ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ ಬಗೆಯದು. ಹೊಗೆ ತಪಾಸಣೆಯಲ್ಲಿ ವಾಹನವು ಅನುತ್ತೀರ್ಣವಾಗುತ್ತದೆ. ಗ್ಯಾರೇಜಿನಲ್ಲಿ ದುರಸ್ತಿ ಮಾಡಿಸಿದ ಮೇಲೆ ಉತ್ತೀರ್ಣವಾಗುತ್ತದೆ. ಆರು ತಿಂಗಳ ನಂತರ ಪುನಃ ಅನುತ್ತೀರ್ಣವಾಗುತ್ತದೆ. ಪ್ರತಿ ಬಾರಿಯೂ ಹಣ ವ್ಯಯವಾಗುತ್ತದೆ, ದೋಷ ಮಾತ್ರ ಹಾಗೆಯೇ ಉಳಿಯುತ್ತದೆ. ದೋಷವನ್ನು ಹುಡುಕುವ ಬದಲು ತಪಾಸಣೆಯ ದಿನದ ಮಟ್ಟಿಗೆ ಅಂಕಿಯನ್ನು ಇಳಿಸುವುದೇ ಇದಕ್ಕೆ ಮುಖ್ಯ ಕಾರಣವಾಗಿದೆ. ಕಾರ್ಬುರೇಟರಿನ ತಿರುಪನ್ನು ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡಿದರೆ ಕಾರ್ಬನ್ ಮೊನಾಕ್ಸೈಡ್ ಅಂಕಿ ಆ ಕ್ಷಣಕ್ಕೆ ಇಳಿಯುತ್ತದೆ. ಆದರೆ ಎಂಜಿನ್ ನಡುಗುತ್ತಾ ನಿಂತುಹೋಗತೊಡಗುವುದರಿಂದ ಒಂದು ವಾರದೊಳಗೆ ಆ ತಿರುಪು ಮೊದಲಿನ ಸ್ಥಾನಕ್ಕೇ ಮರಳುತ್ತದೆ. ಆದ್ದರಿಂದ ಗ್ಯಾರೇಜಿಗೆ ಹೋಗುವ ಮುನ್ನ ಮಾಲೀಕರು ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ನಿಯಮ ಏನು ಹೇಳುತ್ತದೆ

ಕೇಂದ್ರ ಮೋಟಾರು ವಾಹನಗಳ ನಿಯಮಾವಳಿ 1989ರ ನಿಯಮ 115ರ ಪ್ರಕಾರ, ಮೊದಲ ನೋಂದಣಿಯಿಂದ ಒಂದು ವರ್ಷ ಪೂರ್ಣಗೊಂಡ ಪ್ರತಿ ವಾಹನವೂ ಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರವನ್ನು ಹೊಂದಿರಬೇಕು. ಸದರಿ ಪತ್ರದ ಅವಧಿ ಆರು ತಿಂಗಳು. ಭಾರತ್ ಸ್ಟೇಜ್ 4 ಹಾಗೂ ನಂತರದ ಮಾನಕದ ವಾಹನಗಳಿಗೆ ಒಂದು ವರ್ಷ. ಮಿತಿ ಮೀರಿ ಹೊಗೆ ಉಗುಳುವ ವಾಹನವನ್ನು ಓಡಿಸುವುದು ಮೋಟಾರು ವಾಹನಗಳ ಅಧಿನಿಯಮ 1988ರ ಕಲಂ 190(2)ರ ಅಡಿಯಲ್ಲಿ ಅಪರಾಧವಾಗಿದ್ದು, 2019ರ ತಿದ್ದುಪಡಿಯು ಇದರ ದಂಡದ ಗರಿಷ್ಠ ಮಿತಿಯನ್ನು ರೂ. 10,000ಕ್ಕೆ ಏರಿಸಿತು. ಹೊಗೆ ಪತ್ರವಿಲ್ಲದೆ ವಿಮೆ ನವೀಕರಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್‌ನಲ್ಲಿ ವಿಧಿಸಿದ್ದ ಷರತ್ತನ್ನು 2024ರ ಜುಲೈನಲ್ಲಿ ತೆಗೆದುಹಾಕಲಾಗಿದೆ. ಇದರಿಂದ ಹೊಗೆ ಪತ್ರವೇ ಬೇಕಿಲ್ಲವೆಂದು ಕೆಲವರು ಭಾವಿಸಿರುವುದು ತಪ್ಪು ತಿಳುವಳಿಕೆ.

ಮಿತಿಗಳು ಎಲ್ಲ ವಾಹನಗಳಿಗೂ ಒಂದೇ ಅಲ್ಲ. ಎಂಜಿನ್ ಖಾಲಿಯಾಗಿ ತಿರುಗುತ್ತಿರುವಾಗ, ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಕಾರ್ಬನ್ ಮೊನಾಕ್ಸೈಡ್ ಶೇ. 3.0 ಮತ್ತು ಹೈಡ್ರೋಕಾರ್ಬನ್ 1500 ಪಿಪಿಎಂ ವರೆಗೆ ಅವಕಾಶವಿದೆ. ಸ್ಟೇಜ್ 2 ಮತ್ತು 3ರ ಕಾರುಗಳಿಗೆ ಅದು ಶೇ. 0.5 ಮತ್ತು 750 ಪಿಪಿಎಂ. ಸ್ಟೇಜ್ 4ರ ಕಾರುಗಳಿಗೆ ಶೇ. 0.3 ಮತ್ತು 200 ಪಿಪಿಎಂ. ನೋಂದಣಿ ದಾಖಲೆಯಲ್ಲಿ ಇಂಧನ ಅಥವಾ ಮಾನಕ ತಪ್ಪಾಗಿ ನಮೂದಾಗಿದ್ದರೆ ನ್ಯಾಯವಾಗಿ ಉತ್ತೀರ್ಣವಾಗಬೇಕಾದ ವಾಹನವೂ ಅನುತ್ತೀರ್ಣವಾಗಬಹುದು. 2000ದ ಆಸುಪಾಸಿನಲ್ಲಿ ನೋಂದಣಿಯಾದ ವಾಹನಗಳ ಮಾಲೀಕರು ಬೇರೆ ಯಾವ ಖರ್ಚಿಗೂ ಮುನ್ನ ಇದನ್ನು ಪರಿಶೀಲಿಸಿ, ತಪ್ಪಿದ್ದಲ್ಲಿ ನೋಂದಣಿ ಪ್ರಾಧಿಕಾರದಲ್ಲಿ ತಿದ್ದುಪಡಿ ಮಾಡಿಸಿಕೊಳ್ಳುವುದು. ಅನಿಲ ಕಿಟ್ ಅಳವಡಿಸಿದ ವಾಹನಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಚೀಟಿಯಲ್ಲಿನ ಅಂಕಿಗಳನ್ನು ಓದುವ ಬಗೆ

ಬಹುತೇಕ ಮಾಲೀಕರು ಚೀಟಿಯಲ್ಲಿ ಉತ್ತೀರ್ಣವೋ ಅನುತ್ತೀರ್ಣವೋ ಎಂಬುದನ್ನಷ್ಟೇ ನೋಡಿ ಅದನ್ನು ಮಡಚಿಡುತ್ತಾರೆ. ದೋಷದ ಸುಳಿವು ಇರುವುದು ಅಂಕಿಗಳಲ್ಲಿ. ಕಾರ್ಬನ್ ಮೊನಾಕ್ಸೈಡ್ ಎಂದರೆ ಗಾಳಿ ಸಾಲದೆ ಅರ್ಧ ಉರಿದ ಇಂಧನ. ಹೈಡ್ರೋಕಾರ್ಬನ್ ಎಂದರೆ ಉರಿಯದೆಯೇ ಹೊರಬಿದ್ದ ಇಂಧನ. ಇವೆರಡರ ಕಾರಣಗಳು ಬೇರೆ ಬೇರೆಯಾಗಿರುವುದರಿಂದ ಯಾವುದು ಮಿತಿ ಮೀರಿದೆ ಎಂಬುದನ್ನು ಮೊದಲು ಗುರುತಿಸಬೇಕು.

ಕಾರ್ಬನ್ ಮೊನಾಕ್ಸೈಡ್ ಮಾತ್ರ ಹೆಚ್ಚಿದ್ದಲ್ಲಿ ಎಂಜಿನ್‌ಗೆ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಅಥವಾ ಕಡಿಮೆ ಗಾಳಿ ಹೋಗುತ್ತಿದೆ ಎಂದರ್ಥ. ಧೂಳಿನಿಂದ ಕಟ್ಟಿಕೊಂಡ ಏರ್ ಫಿಲ್ಟರ್, ಪೂರ್ತಿ ತೆರೆದುಕೊಳ್ಳದ ಚೋಕ್, ಸವೆದ ಸೂಜಿಯಿಂದ ಏರಿದ ಕಾರ್ಬುರೇಟರ್ ಮಟ್ಟ, ಇಂಜೆಕ್ಷನ್ ವಾಹನಗಳಲ್ಲಿ ತೊಟ್ಟಿಕ್ಕುವ ಇಂಜೆಕ್ಟರ್ ಅಥವಾ ಕೆಲಸ ನಿಲ್ಲಿಸಿದ ಆಕ್ಸಿಜನ್ ಸೆನ್ಸರ್ ಕಾರಣವಾಗಿರಬಹುದು. ಇಲ್ಲಿ ಎರಡು ಕಾರಣಗಳು ಸುಲಭವಾಗಿ ಕಣ್ತಪ್ಪುತ್ತವೆ. ಒಂದು, ಥರ್ಮೋಸ್ಟಾಟ್ ಸದಾ ತೆರೆದೇ ಉಳಿದಿರುವುದು. ಆಗ ಎಂಜಿನ್ ಸರಿಯಾಗಿ ಬಿಸಿಯೇರುವುದಿಲ್ಲ. ನಿಯಂತ್ರಣ ಘಟಕವು ಎಂಜಿನ್ ಇನ್ನೂ ತಣ್ಣಗಿದೆಯೆಂದು ಭಾವಿಸಿ ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಇನ್ನೊಂದು, ಹಳೆಯ ಎಂಜಿನ್ ಆಯಿಲ್. ಚಿಕ್ಕ ಚಿಕ್ಕ ಓಡಾಟಗಳಲ್ಲಿ ಆಯಿಲ್‌ಗೆ ಸೇರಿಕೊಂಡ ಪೆಟ್ರೋಲ್, ಎಂಜಿನ್ ಬಿಸಿಯಾದಾಗ ಆವಿಯಾಗಿ ಪುನಃ ದಹನಕ್ಕೆ ಹೋಗುತ್ತದೆ. ತಪಾಸಣೆಗೆ ಮುನ್ನ ಆಯಿಲ್ ಬದಲಾಯಿಸುವುದರಿಂದ ಅಂಕಿ ಇಳಿಯುವುದಕ್ಕೆ ಇದೇ ಕಾರಣ.

ಹೈಡ್ರೋಕಾರ್ಬನ್ ಮಾತ್ರ ಹೆಚ್ಚಿದ್ದು ಕಾರ್ಬನ್ ಮೊನಾಕ್ಸೈಡ್ ಮಿತಿಯೊಳಗಿದ್ದರೆ, ಕಿಡಿ ಸರಿಯಾಗಿ ಹತ್ತುತ್ತಿಲ್ಲ ಅಥವಾ ಸಿಲಿಂಡರಿನ ಒತ್ತಡ ಸೋರುತ್ತಿದೆ ಎಂದು ತಿಳಿಯಬೇಕು. ಸ್ಪಾರ್ಕ್ ಪ್ಲಗ್, ಅದರ ತಂತಿ, ಡಿಸ್ಟ್ರಿಬ್ಯೂಟರ್ ಮುಚ್ಚಳ ಇವುಗಳನ್ನು ಮೊದಲು ನೋಡಬೇಕು. ಅನಂತರ ಬಿರುಕುಬಿಟ್ಟ ರಬ್ಬರ್ ಕೊಳವೆಗಳು, ಟ್ಯಾಪೆಟ್ ಅಂತರ, ಕೊನೆಗೆ ಕಂಪ್ರೆಷನ್ ಪರೀಕ್ಷೆ. ಈ ಕ್ರಮ ಬೆಲೆಯ ಕ್ರಮವೂ ಹೌದು: ಕೆಲವು ನೂರು ರೂಪಾಯಿಗಳ ಭಾಗವನ್ನು ನೋಡದೆ ಎಂಜಿನ್ ಬಿಚ್ಚಿಸಲು ಒಪ್ಪಬಾರದು. ಪೆಟ್ರೋಲ್‌ನಲ್ಲಿ ಎಥೆನಾಲ್ ಪ್ರಮಾಣವು 2025ರಲ್ಲಿ ಶೇ. 20ಕ್ಕೆ ತಲುಪಿದ ಮೇಲೆ ಕಾರ್ಬುರೇಟರ್ ವಾಹನಗಳಲ್ಲಿ ಈ ದೋಷಕ್ಕೆ ಮತ್ತೊಂದು ಕಾರಣ ಸೇರಿದೆ. ಎಥೆನಾಲ್ ತನ್ನೊಂದಿಗೇ ಆಮ್ಲಜನಕವನ್ನು ಹೊತ್ತು ತರುವುದರಿಂದ ಮಿಶ್ರಣ ತೆಳುವಾಗುತ್ತದೆ. ಇಂಜೆಕ್ಷನ್ ವಾಹನವು ಇದನ್ನು ಬಹುಮಟ್ಟಿಗೆ ತಾನೇ ಸರಿಪಡಿಸಿಕೊಳ್ಳುತ್ತದೆ. ಕಾರ್ಬುರೇಟರಿಗೆ ಆ ಶಕ್ತಿಯಿಲ್ಲ. ಮಿಶ್ರಣ ಅತಿಯಾಗಿ ತೆಳುವಾದರೂ ಕಿಡಿ ತಪ್ಪುತ್ತದೆ. ಇಂತಹ ವಾಹನದಲ್ಲಿ ತಿರುಪನ್ನು ಇನ್ನಷ್ಟು ಬಿಗಿಗೊಳಿಸಿ ಪೆಟ್ರೋಲ್ ಕಡಿಮೆ ಮಾಡಿದರೆ ಹೈಡ್ರೋಕಾರ್ಬನ್ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಹಳೆಯ ರಬ್ಬರ್ ಕೊಳವೆ ಮತ್ತು ಸೀಲುಗಳನ್ನು ಸಹ ಪರೀಕ್ಷಿಸಿ ಅಗತ್ಯವಿದ್ದಲ್ಲಿ ಬದಲಾಯಿಸುವುದು ಸೂಕ್ತ.

ಸ್ಟೇಜ್ 4ರ ಪೆಟ್ರೋಲ್ ಕಾರುಗಳ ಚೀಟಿಯಲ್ಲಿ ಲ್ಯಾಂಬ್ಡಾ ಎಂಬ ಇನ್ನೊಂದು ಅಂಕಿ ಇರುತ್ತದೆ. ಎಂಜಿನ್ ನಿಮಿಷಕ್ಕೆ ಸುಮಾರು 2500 ಸುತ್ತು ತಿರುಗುತ್ತಿರುವಾಗ ಅದು 0.97 ಮತ್ತು 1.03ರ ನಡುವೆ ಇರಬೇಕು. ಇತರ ಅಂಕಿಗಳು ಸರಿಯಿದ್ದು ಲ್ಯಾಂಬ್ಡಾ ಮಾತ್ರ ಹೆಚ್ಚಿದ್ದರೆ, ಸೈಲೆನ್ಸರಿನ ರಂಧ್ರದಿಂದ ಹೊರಗಿನ ಗಾಳಿ ಒಳಸೇರುತ್ತಿರುವ ಸಂಭವ ಹೆಚ್ಚು.

ಒಂದು ಚೀಟಿಗಿಂತ ನಾಲ್ಕು ಚೀಟಿಗಳು ಹೆಚ್ಚು ಹೇಳುತ್ತವೆ. ಹಿಂದಿನ ಚೀಟಿಗಳನ್ನು ಲೆಕ್ಕದ ಪುಸ್ತಕದಂತೆ ಕಾಯ್ದಿಟ್ಟು ತಾಳೆ ನೋಡಬೇಕು. ಉದಾಹರಣೆಗೆ, ಸ್ಟೇಜ್ 2ರ ಕಾರೊಂದರ ಹೈಡ್ರೋಕಾರ್ಬನ್ ಅಂಕಿಗಳು ಕ್ರಮವಾಗಿ 310, 450, 620, 810 ಎಂದು ಏರಿದ್ದರೆ ಅದು ನಿಧಾನ ಸವೆತ. 310, 330, 320 ಇದ್ದು ಒಮ್ಮೆಲೇ 1400 ಆಗಿದ್ದರೆ ಯಾವುದೋ ಒಂದೇ ಭಾಗ ಕೈಕೊಟ್ಟಿದೆ. ಎರಡಕ್ಕೂ ಒಂದೇ ಚಿಕಿತ್ಸೆ ಮಾಡಿಸುವುದು ಹಣ ಪೋಲು ಮಾಡಿದಂತೆ.

ಕೆಟಲಿಟಿಕ್ ಕನ್ವರ್ಟರ್ ಕುರಿತು

ಎರಡೂ ಅಂಕಿಗಳು ಹೆಚ್ಚಿದ್ದಾಗ ಕನ್ವರ್ಟರ್ ಬದಲಾಯಿಸಬೇಕೆಂಬ ಸಲಹೆ ಬರುತ್ತದೆ. ಇದು ದುಬಾರಿ ಭಾಗ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂತಹ ಲೋಹಗಳ ಲೇಪನವಿರುತ್ತದೆ. ಕನ್ವರ್ಟರ್ ತಾನಾಗಿ ಕೆಡುವುದಕ್ಕಿಂತ ಬೇರೊಂದು ದೋಷದಿಂದ ಕೆಡುವುದೇ ಹೆಚ್ಚು. ಕಿಡಿ ತಪ್ಪಿದ ಸಿಲಿಂಡರಿನಿಂದ ಬಂದ ಪೆಟ್ರೋಲ್ ಅದರೊಳಗೆ ಉರಿದು ಒಳಪದರವನ್ನು ಕರಗಿಸುತ್ತದೆ. ಎಂಜಿನ್ ಸುಡುವ ಆಯಿಲ್‌ನಲ್ಲಿರುವ ರಂಜಕವು ಲೇಪನವನ್ನು ಮುಚ್ಚಿಬಿಡುತ್ತದೆ. ಮೂಲ ದೋಷವನ್ನು ಸರಿಪಡಿಸದೆ ಹೊಸ ಕನ್ವರ್ಟರ್ ಹಾಕಿಸಿದಲ್ಲಿ ಅದೂ ಅದೇ ದಾರಿ ಹಿಡಿಯುತ್ತದೆ. ದುರಸ್ತಿಯ ನಂತರ ಅಂಕಿಗಳನ್ನು ಮತ್ತೊಮ್ಮೆ ನೋಡಿ, ಆಗಲೂ ಹೆಚ್ಚಿದ್ದರೆ ಮಾತ್ರ ಬದಲಾಯಿಸುವುದು. ಒಳಭಾಗವನ್ನು ತೆಗೆದು ಖಾಲಿ ಡಬ್ಬಿ ಜೋಡಿಸುವ ಪದ್ಧತಿ ಕೆಲವೆಡೆ ಇದೆ. ಅದು ಕಾನೂನುಬಾಹಿರವಾಗಿರುವುದಲ್ಲದೆ ಮುಂದಿನ ತಪಾಸಣೆಯಲ್ಲಿ ತಾನೇ ಬಯಲಾಗುತ್ತದೆ.

ತಣ್ಣಗಿರುವ ಕನ್ವರ್ಟರ್ ಕೆಲಸ ಮಾಡುವುದಿಲ್ಲ. ಆದಕಾರಣ ವಾಹನವನ್ನು ಹದಿನೈದು ಇಪ್ಪತ್ತು ನಿಮಿಷ ಓಡಿಸಿ, ಎಂಜಿನ್ ಬಿಸಿಯಿರುವಾಗಲೇ ತಪಾಸಣೆಗೆ ಒಡ್ಡಬೇಕು. ಮನೆಯ ಪಕ್ಕದ ಕೇಂದ್ರಕ್ಕೆ ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ಹೋಗಿ ಅನುತ್ತೀರ್ಣರಾಗುವವರಿದ್ದಾರೆ.

ಡೀಸೆಲ್ ಮತ್ತು ಎರಡು ಸ್ಟ್ರೋಕ್ ವಾಹನಗಳು

ಡೀಸೆಲ್ ವಾಹನಗಳಲ್ಲಿ ಹೊಗೆಯ ದಟ್ಟಣೆಯನ್ನು ಅಳೆಯಲಾಗುತ್ತದೆ. ಸ್ಟೇಜ್ 4ಕ್ಕಿಂತ ಹಿಂದಿನವುಗಳಿಗೆ ಮಿತಿ 65 ಹಾರ್ಟ್ರಿಜ್ ಘಟಕಗಳು, ಸ್ಟೇಜ್ 4ಕ್ಕೆ 50. ಪರೀಕ್ಷೆಯಲ್ಲಿ ಎಂಜಿನನ್ನು ಹಲವು ಬಾರಿ ಪೂರ್ಣ ವೇಗಕ್ಕೆ ಏರಿಸುವುದರಿಂದ, ಟೈಮಿಂಗ್ ಬೆಲ್ಟ್ ಅವಧಿ ಮೀರಿದ್ದರೆ ಮೊದಲು ಅದನ್ನು ಬದಲಾಯಿಸುವುದು ಕ್ಷೇಮ. ಕಪ್ಪು ಹೊಗೆಗೆ ಏರ್ ಫಿಲ್ಟರ್, ಇಂಜೆಕ್ಟರ್ ಮತ್ತು ಪಂಪ್ ಹೊಂದಾಣಿಕೆ, ಕಟ್ಟಿಕೊಂಡ ಇ.ಜಿ.ಆರ್. ಕವಾಟ ಕಾರಣವಿರಬಹುದು. ನೀಲಿ ಹೊಗೆ ಆಯಿಲ್ ಸುಡುತ್ತಿರುವುದರ ಗುರುತು. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆಯಿದ್ದು ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಚಳಿಗಾಲದ ಬೆಳಗಿನಲ್ಲಿ ಕೆಲವು ನಿಮಿಷ ಕಾಣುವ ಬಿಳಿ ಆವಿ ದೋಷವಲ್ಲ. ಎರಡು ಸ್ಟ್ರೋಕ್ ಸ್ಕೂಟರುಗಳಲ್ಲಿ ತಯಾರಕರು ಹೇಳಿದ ಪ್ರಮಾಣಕ್ಕಿಂತ ಹೆಚ್ಚು ಆಯಿಲ್ ಬೆರೆಸುವ ಅಭ್ಯಾಸವನ್ನು ಬಿಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಸೋರಿಕೆಯನ್ನು ಕಡೆಗಣಿಸಬಾರದು

ತೂತು ಬಿದ್ದ ಸೈಲೆನ್ಸರನ್ನು ಕೇವಲ ಶಬ್ದದ ವಿಷಯವೆಂದು ತಿಳಿಯುವುದು ಅಪಾಯಕರ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎಂಜಿನ್‌ಗೆ ಹತ್ತಿರದ ಕೊಳವೆಯಲ್ಲಿ ಸೋರಿಕೆಯಿದ್ದು ಕಾರಿನ ತಳದಲ್ಲಿ ತುಕ್ಕಿನ ರಂಧ್ರಗಳಿದ್ದರೆ ಅದು ಒಳಕ್ಕೆ ಸೇರುತ್ತದೆ. ಪ್ರಯಾಣದಲ್ಲಿ ಒಳಗಿದ್ದವರಿಗೆಲ್ಲ ತಲೆನೋವು, ವಾಕರಿಕೆ, ಮಂಪರು ಕಾಣಿಸಿಕೊಂಡು, ಇಳಿದ ಮೇಲೆ ಕಡಿಮೆಯಾದಲ್ಲಿ ಪ್ರಯಾಣದ ಆಯಾಸವೆಂದು ಬಿಡಬಾರದು. ಕೂಡಲೇ ವಾಹನ ನಿಲ್ಲಿಸಿ, ಎಲ್ಲರೂ ಹೊರಬಂದು, ವೈದ್ಯರನ್ನು ಕಾಣುವುದು ಹಾಗೂ ಸೋರಿಕೆ ಸರಿಪಡಿಸುವವರೆಗೆ ವಾಹನವನ್ನು ಬಳಸದಿರುವುದು. ಎಂಜಿನ್ ಚಾಲನೆಯಲ್ಲಿಟ್ಟು, ಗಾಜು ಮುಚ್ಚಿ, ಎ.ಸಿ. ಹಾಕಿ ನಿಂತ ವಾಹನದಲ್ಲಿ ಮಲಗುವುದು ಯಾವ ಕಾರಣಕ್ಕೂ ಕೂಡದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಮಾಡಿ ಪರೀಕ್ಷಿಸುವುದೂ ಅಷ್ಟೇ ಅಪಾಯಕರ.

ಅನುತ್ತೀರ್ಣವಾದ ಮೇಲೆ

2021ರ ಜೂನ್‌ನಲ್ಲಿ ಹೊರಡಿಸಲಾದ ಕೇಂದ್ರ ಅಧಿಸೂಚನೆಯ ಪ್ರಕಾರ, ಅನುತ್ತೀರ್ಣವಾದ ವಾಹನಕ್ಕೆ ಕಾರಣ ನಮೂದಿಸಿದ ತಿರಸ್ಕಾರ ಚೀಟಿಯನ್ನು ನೀಡಬೇಕಾಗಿದೆ. ಇದನ್ನು ಕೇಳಿ ಪಡೆದುಕೊಳ್ಳಬೇಕು. ಗ್ಯಾರೇಜಿನಲ್ಲಿ ಇದನ್ನು ತೋರಿಸಿ ದುರಸ್ತಿ ಮಾಡಿಸಬಹುದು. ಕೇಂದ್ರದ ಯಂತ್ರವೇ ಸರಿಯಿಲ್ಲವೆಂಬ ಸಂಶಯವಿದ್ದಲ್ಲಿ ಇದರೊಂದಿಗೆ ಬೇರೊಂದು ಅಧಿಕೃತ ಕೇಂದ್ರದಲ್ಲಿ ತಪಾಸಣೆ ಮಾಡಿಸಲು ಅವಕಾಶವಿದೆ. ಎರಡು ಕೇಂದ್ರಗಳ ಅಂಕಿಗಳಲ್ಲಿ ಭಾರೀ ಅಂತರ ಕಂಡುಬಂದರೆ ಎರಡೂ ಚೀಟಿಗಳ ಪ್ರತಿಯೊಂದಿಗೆ ಪ್ರಾದೇಶಿಕ ಸಾರಿಗೆ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬಹುದು. ವಾಹನವನ್ನು ಕೇಂದ್ರಕ್ಕೆ ಒಯ್ಯದೆ ಪತ್ರ ಮಾತ್ರ ಕೊಡಿಸುವುದಾಗಿ ಹೇಳುವವರ ಮಾತಿಗೆ ಮಾರುಹೋಗಬಾರದು.

ಹದಿನೈದು ವರ್ಷ ತುಂಬಿದ ಸಾರಿಗೇತರ ವಾಹನಗಳ ನೋಂದಣಿ ನವೀಕರಣಕ್ಕೆ ಅವಧಿ ಮುಗಿಯುವ 60 ದಿನಗಳ ಒಳಗಿನ ಸಮಯದಲ್ಲಿ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬೇಕಾಗಿದ್ದು, ಚಾಲ್ತಿಯಲ್ಲಿರುವ ಹೊಗೆ ಪತ್ರದೊಂದಿಗೆ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕು. ದೋಷ ಹುಡುಕಲು ಒಂದೆರಡು ಸುತ್ತು ಗ್ಯಾರೇಜು ಬೇಕಾಗಬಹುದಾದ್ದರಿಂದ, ಅರ್ಜಿದಾರರು ಕನಿಷ್ಠ ಎರಡು ಮೂರು ತಿಂಗಳು ಮೊದಲೇ ಒಮ್ಮೆ ಹೊಗೆ ತಪಾಸಣೆ ಮಾಡಿಸಿ ಅಂಕಿಗಳನ್ನು ನೋಡಿಕೊಳ್ಳುವಂತೆ ಕೋರಲಾಗಿದೆ.