ಉಸ್ಮಾನಿಯಾ ನೋಟು: ಬೆಲೆ ಕೇಳುವ ಮುನ್ನ ಓದೋಣ

ಬೀದರ್, ಕಲಬುರಗಿ, ರಾಯಚೂರು ಭಾಗದ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಉರ್ದು ಬರಹವುಳ್ಳ ನೋಟುಗಳು ಇಂದಿಗೂ ಸಿಗುವುದುಂಟು. ಇವು ನಿಜಾಮರ ಹೈದರಾಬಾದ್ ಸಂಸ್ಥಾನದ ‘ಉಸ್ಮಾನಿಯಾ ಸಿಕ್ಕಾ’ ನೋಟುಗಳು. ಓದಲು ಬಾರದ ಕಾರಣಕ್ಕೆ ಅನೇಕರು ಇವನ್ನು ಸಿಕ್ಕ ಬೆಲೆಗೆ ಮಾರಿಬಿಡುತ್ತಾರೆ.

ಮೊದಲ ಮಹಾಯುದ್ಧದಲ್ಲಿ ಬೆಳ್ಳಿಯ ಅಭಾವ ಉಂಟಾದಾಗ ಸಂಸ್ಥಾನವು 1918ರಲ್ಲಿ ಕಾಯಿದೆ ಮಾಡಿ 10 ಮತ್ತು 100 ರೂಪಾಯಿಯ ನೋಟುಗಳನ್ನು ಹೊರಡಿಸಿತು. 1919ರಲ್ಲಿ 1 ಮತ್ತು 5 ರೂಪಾಯಿಯ, 1926ರಲ್ಲಿ 1000 ರೂಪಾಯಿಯ ನೋಟುಗಳು ಬಂದವು. ಜನರು ಸಂಸ್ಥಾನದ ಹಣವನ್ನು ‘ಹಾಲಿ’ ಎಂದೂ ಬ್ರಿಟಿಷ್ ಹಣವನ್ನು ‘ಕಲ್ದಾರ್’ ಎಂದೂ ಕರೆಯುತ್ತಿದ್ದರು. 7 ಹಾಲಿ ರೂಪಾಯಿಗೆ 6 ಕಲ್ದಾರ್ ರೂಪಾಯಿ ಸಮ. 1948ರಲ್ಲಿ ಸಂಸ್ಥಾನವು ಭಾರತಕ್ಕೆ ಸೇರಿದ ಮೇಲೂ ಕೆಲವು ವರ್ಷ ನಡೆದ ಈ ಹಣ 1959ರಲ್ಲಿ ಮಾನ್ಯತೆ ಕಳೆದುಕೊಂಡಿತು.

ನೋಟನ್ನು ಗುರುತಿಸುವುದು ಹೇಗೆ? ಮುಖ್ಯ ಬರಹ ಉರ್ದುವಿನಲ್ಲಿದ್ದರೂ ಮೌಲ್ಯವನ್ನು ಕನ್ನಡ, ತೆಲುಗು, ಮರಾಠಿ, ಇಂಗ್ಲಿಷಿನಲ್ಲಿಯೂ ಮುದ್ರಿಸಲಾಗಿದೆ. ಆರಂಭದ ನೋಟುಗಳಲ್ಲಿರುವ ಇಸವಿ ಹಿಜರಿಯಲ್ಲ, ಕಂದಾಯದ ಫಸಲಿ ವರ್ಷ. ಅದಕ್ಕೆ 590 ಕೂಡಿಸಿದರೆ ಸರಿಸುಮಾರು ಕ್ರಿಸ್ತಶಕ ದೊರೆಯುತ್ತದೆ. ಫಸಲಿ 1328 ಎಂದರೆ 1918. ಅದನ್ನೇ ಹಿಜರಿಯೆಂದು ಎಣಿಸಿದರೆ 1910 ಆಗುತ್ತದೆ. ಆಗ ಈ ನೋಟುಗಳೇ ಇರಲಿಲ್ಲ!

ಮೂರನೆಯದು ಸಹಿ. ಹೈದರ್ ನವಾಜ್ ಜಂಗ್ ಎಂಬ ಸಹಿ ಹಣಕಾಸು ಸಚಿವ ಅಕ್ಬರ್ ಹೈದರಿ ಅವರ ಬಿರುದು. ಗುಲಾಮ್ ಮುಹಮ್ಮದ್ ಅವರು ಮುಂದೆ ಪಾಕಿಸ್ತಾನದ ಗವರ್ನರ್ ಜನರಲ್ ಆದರು. ಡಾ. ಮೇಲುಕೋಟೆ ಅವರ ಸಹಿಯಿದ್ದರೆ ಅದು ವಿಲೀನದ ನಂತರದ ನೋಟು.

ಸಂಗ್ರಾಹಕರು ಬೆಲೆ ಕಟ್ಟುವಾಗ ಬರೀ ವಯಸ್ಸನ್ನು ನೋಡುವುದಿಲ್ಲ. ಎಷ್ಟು ಉಳಿದಿವೆ, ಯಾರ ಸಹಿ, ಮಡಿಕೆ, ಹರಿತ, ರಂಧ್ರ ಎಷ್ಟಿವೆ ಎಂಬುದನ್ನೂ ನೋಡುತ್ತಾರೆ. ಆದ್ದರಿಂದ ನೋಟನ್ನು ತೊಳೆಯುವುದು, ಇಸ್ತ್ರಿ ಮಾಡುವುದು, ಟೇಪ್ ಅಂಟಿಸುವುದು, ಲ್ಯಾಮಿನೇಷನ್ ಮಾಡಿಸುವುದು ಸಲ್ಲದು. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ, ಹಳೆಯ ನೋಟು ಮಾರಿಕೊಡಲು ಮುಂಗಡ ಶುಲ್ಕ ಕೇಳುವವರೂ ಇದ್ದಾರೆ. ತಾನು ಇಂಥ ವ್ಯವಹಾರ ನಡೆಸುವುದಿಲ್ಲವೆಂದು ಬ್ಯಾಂಕು 2021ರಲ್ಲಿಯೇ ಎಚ್ಚರಿಸಿದೆ.

ಮನೆಯ ಹಿರಿಯರಿಗೆ ಉರ್ದು ಬರುತ್ತದೆ, ಮಕ್ಕಳಿಗೆ ಕನ್ನಡ ಬರುತ್ತದೆ. ಇಬ್ಬರೂ ಒಟ್ಟಿಗೆ ಕುಳಿತು ಓದಬಹುದಾದ ಇತಿಹಾಸದ ಪುಟ ಈ ಚಿಕ್ಕ ಕಾಗದದಲ್ಲಿದೆ. ಮಾರುವುದಿದ್ದರೂ ಓದಿಯೇ ಮಾರೋಣ.